ಒಬ್ಬನೇ ಪರಿಚಾರಕ ಸಾಲದು: ವೈಯಾವೃತ್ಯದ ಇತಿಹಾಸದಿಂದ ಒಂದು ವಿಚಾರ

ತಪಸ್ಸು ಎಂಬ ಶಬ್ದ ಕಿವಿಗೆ ಬಿದ್ದೊಡನೆ ಶ್ರಾವಕರ ಮನಸ್ಸಿಗೆ ಮೊದಲು ಬರುವುದು ಉಪವಾಸ. ಅಷ್ಟಮಿ ಚತುರ್ದಶಿಗಳ ಅನಶನ, ದಶಲಕ್ಷಣ ಪರ್ವದ ಏಕಭುಕ್ತ, ರಸಪರಿತ್ಯಾಗ ಇವೆಲ್ಲವೂ ತಪಸ್ಸೇ ಸರಿ. ಆದರೆ ಇವು ಬಾಹ್ಯ ತಪಸ್ಸುಗಳು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಆಭ್ಯಂತರ ತಪಸ್ಸುಗಳನ್ನು ಆರಾಗಿ ಹೇಳುತ್ತಾರೆ: ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ. ಇವುಗಳಲ್ಲಿ ಮೂರನೆಯದಾದ ವೈಯಾವೃತ್ಯವೆಂದರೆ ಅಶಕ್ತರಾದವರ ಸೇವೆ. ಅದನ್ನು ಸ್ವಾಧ್ಯಾಯಕ್ಕೂ ಧ್ಯಾನಕ್ಕೂ ಮೊದಲು ಎಣಿಸಿರುವುದು ಗಮನಿಸತಕ್ಕ ಸಂಗತಿ. ಸೇವೆಗೆ ಪಾತ್ರರಾದವರು ಹತ್ತು ಬಗೆಯವರೆಂದು ಅದೇ ಅಧ್ಯಾಯ ಹೇಳುತ್ತದೆ. ಆಚಾರ್ಯ, ಉಪಾಧ್ಯಾಯ, ತಪಸ್ವಿಗಳಂತಹ ಪೂಜ್ಯರ ಸಾಲಿನಲ್ಲೇ ‘ಗ್ಲಾನ’ ಎಂಬ ಶಬ್ದವೂ ನಿಂತಿದೆ. ಗ್ಲಾನನೆಂದರೆ ರೋಗದಿಂದ ಬಳಲಿ ಕುಗ್ಗಿದವನು. ಅವನ ಪಾಂಡಿತ್ಯವೆಷ್ಟು, ದೀಕ್ಷೆಯಾಗಿ ಎಷ್ಟು ವರ್ಷವಾಯಿತು ಎಂಬ ವಿಚಾರಣೆ ಅಲ್ಲಿಲ್ಲ. ಬಳಲಿಕೆಯೇ ಅವನ ಅರ್ಹತೆ.

ಈ ಸೇವೆ ಹೇಗೆ ನಡೆಯುತ್ತಿತ್ತು ಎಂಬುದನ್ನು ತಿಳಿಯಲು ಶಿವಾರ್ಯರ ಭಗವತೀ ಆರಾಧನೆಯನ್ನು ನೋಡಬೇಕು. ಶೌರಸೇನೀ ಪ್ರಾಕೃತದ, ಎರಡು ಸಾವಿರಕ್ಕೂ ಮಿಕ್ಕಿದ ಗಾಹೆಗಳ ಈ ಗ್ರಂಥ ಕನ್ನಡಿಗರಿಗೆ ಅಪರಿಚಿತವೇನಲ್ಲ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಇದರ ಗಾಹೆಗಳನ್ನೇ ಆಧರಿಸಿ ಹುಟ್ಟಿದವು. ಸಲ್ಲೇಖನ ವ್ರತವನ್ನು ಸ್ವೀಕರಿಸಿದ ಕ್ಷಪಕನ ಸುತ್ತ ಯಾರು ಯಾರು ಇರಬೇಕು ಎಂಬುದನ್ನು ಶಿವಾರ್ಯರು ಒಬ್ಬ ದಕ್ಷ ವ್ಯವಸ್ಥಾಪಕನಂತೆ ಲೆಕ್ಕ ಹಾಕಿ ಹೇಳಿದ್ದಾರೆ. ಪರಿಚಾರಕ ಮುನಿಗಳಿಗೆ ನಿರ್ಯಾಪಕರೆಂದು ಹೆಸರು. ಅವರ ಸಂಖ್ಯೆ 48. ನಾಲ್ಕು ನಾಲ್ಕು ಮಂದಿಯ ಹನ್ನೆರಡು ತಂಡಗಳು. ಕ್ಷಪಕನನ್ನು ಎಬ್ಬಿಸುವುದು, ಕೂರಿಸುವುದು, ಮಗ್ಗುಲು ಬದಲಿಸುವುದು, ಕೈಹಿಡಿದು ನಡೆಸುವುದು ನಾಲ್ವರ ಕೆಲಸ. ಅವನಿಗೆ ಧರ್ಮಕಥೆ ಹೇಳುವವರು ನಾಲ್ವರು. ಯೋಗ್ಯವಾದ ಆಹಾರದ ಏರ್ಪಾಡಿಗೆ ನಾಲ್ವರು, ಪಾನೀಯಕ್ಕೆ ಬೇರೆ ನಾಲ್ವರು, ಅವೆರಡನ್ನೂ ಕಾಯುವುದಕ್ಕೆ ಮತ್ತೆ ನಾಲ್ವರು. ಮಲಮೂತ್ರಗಳನ್ನು ತೆಗೆದು, ಹಾಸಿಗೆಯನ್ನು ಶೋಧಿಸುವವರು ನಾಲ್ವರು. ರಾತ್ರಿ ಎಚ್ಚರವಿರುವವರು ನಾಲ್ವರು. ನೋಡಲು ಬರುವ ಜನರು ಒಳನುಗ್ಗದಂತೆ ಬಾಗಿಲಲ್ಲಿ ನಿಲ್ಲುವವರೂ, ಬಂದವರನ್ನು ಹೊರಗೇ ಕೂರಿಸಿ ಉಪದೇಶ ಮಾಡುವವರೂ, ಊರಿನಲ್ಲಿ ಏನು ನಡೆಯುತ್ತಿದೆ ಎಂದು ವಿಚಾರಿಸಿಕೊಳ್ಳುವವರೂ ಬೇರೆ ಬೇರೆ. ಕಾಯಿಲೆಯವರಿರುವ ಮನೆಗೆ ನೆಂಟರಿಷ್ಟರು ಹಿಂಡುಹಿಂಡಾಗಿ ಬಂದು ರೋಗಿಯ ತಲೆದೆಸೆಯಲ್ಲಿ ಕುಳಿತು ಮಾತಾಡುವ ಪದ್ಧತಿ ಆ ಕಾಲದಲ್ಲೂ ಇದ್ದಿತೆಂದು ಇದರಿಂದ ಊಹಿಸಬಹುದು.

ಮಲಮೂತ್ರ ತೆಗೆಯುವವರನ್ನೂ ಧರ್ಮಕಥೆ ಹೇಳುವವರನ್ನೂ ಶಿವಾರ್ಯರು ಒಂದೇ ಪಂಕ್ತಿಯಲ್ಲಿ ಎಣಿಸುತ್ತಾರೆ. ಒಂದು ಕೀಳು ಕೆಲಸ, ಇನ್ನೊಂದು ಮೇಲು ಕೆಲಸ ಎಂಬ ಸುಳಿವೇ ಇಲ್ಲ. ಇಬ್ಬರೂ ನಿರ್ಯಾಪಕರೇ, ಇಬ್ಬರೂ ಮುನಿಗಳೇ.

ಎಲ್ಲ ಕಾಲದಲ್ಲೂ 48 ಮಂದಿ ದೊರೆಯುವುದಿಲ್ಲವೆಂಬುದು ಆಚಾರ್ಯರಿಗೆ ಗೊತ್ತಿತ್ತು. ಆದುದರಿಂದ ಕಾಲದ ಸ್ಥಿತಿಗೆ ತಕ್ಕಂತೆ ನಾಲ್ಕು ನಾಲ್ಕಾಗಿ ಕಡಮೆ ಮಾಡುತ್ತ ಬರಬಹುದು ಎಂದರು. ಕಡೆಗೆ ನಾಲ್ವರು, ಕಾಲ ತೀರ ವಿಷಮವಾದರೆ ಇಬ್ಬರು. ಅಲ್ಲಿಂದ ಕೆಳಕ್ಕೆ ಇಳಿಯಲು ಅವರು ಒಪ್ಪುವುದಿಲ್ಲ. ಒಬ್ಬನೇ ನಿರ್ಯಾಪಕನಿದ್ದರೆ ಮೂರು ಕೆಡುತ್ತವೆ: ಪರಿಚಾರಕ ತನ್ನನ್ನು ತಾನು ಕೈಬಿಟ್ಟಂತಾಗುತ್ತದೆ, ಕ್ಷಪಕನನ್ನು ಕೈಬಿಟ್ಟಂತಾಗುತ್ತದೆ, ಧರ್ಮಕ್ಕೂ ಹಾನಿ ತಟ್ಟುತ್ತದೆ. ಇದಕ್ಕೆ ಕೊಟ್ಟ ಕಾರಣ ಬಹಳ ಸರಳ. ಅವನು ಆಹಾರಕ್ಕೆ ಹೋದರೆ, ನಿದ್ರೆ ಮಾಡಿದರೆ, ಆ ಹೊತ್ತಿನಲ್ಲಿ ರೋಗಿಗೆ ದಿಕ್ಕಿಲ್ಲ. ಹೋಗದೆ, ಮಲಗದೆ ಕುಳಿತರೆ ಅವನೇ ಕುಸಿಯುತ್ತಾನೆ. ಆರೈಕೆಯ ವಿಷಯದಲ್ಲಿ ಇದಕ್ಕಿಂತ ಖಚಿತವಾದ ಮಾತನ್ನು ಆಧುನಿಕ ವೈದ್ಯಶಾಸ್ತ್ರವೂ ಹೇಳಿರಲಾರದು. ಪರಿಚಾರಕನ ಊಟ ನಿದ್ರೆಗಳನ್ನು ಅವನ ಸ್ವಂತ ಸುಖವೆಂದು ಎಣಿಸದೆ ರೋಗಿಯ ಆರೈಕೆಯ ಒಂದು ಭಾಗವೆಂದೇ ಶಿವಾರ್ಯರು ಎಣಿಸಿದರು.

ಇದಕ್ಕೆ ವಿರುದ್ಧವಾಗಿ ಶ್ರವಣಬೆಳಗೊಳದ ಚಂದ್ರಗಿರಿಯ ದೃಷ್ಟಾಂತವನ್ನು ಕೆಲವರು ಮುಂದಿಡಬಹುದು. ಪರಂಪರೆಯ ಪ್ರಕಾರ ಶ್ರುತಕೇವಲಿ ಭದ್ರಬಾಹುಗಳು ತಮ್ಮ ಅಂತ್ಯ ಸಮೀಪಿಸಿತೆಂದು ಅರಿತು ಸಂಘವನ್ನು ಮುಂದಕ್ಕೆ ಕಳುಹಿಸಿದಾಗ, ಚಂದ್ರಗುಪ್ತ ಮುನಿ ಒಬ್ಬರೇ ಉಳಿದು ಗುರುಸೇವೆ ಮಾಡಿದರು. ಮಗಧದ ಸಿಂಹಾಸನವನ್ನು ಬಿಟ್ಟು ಬಂದವನು ಗುರುವಿನ ಹಾಸಿಗೆಯ ಬಳಿ ಕುಳಿತ ಈ ಚಿತ್ರ ಕನ್ನಡ ಜೈನರ ಮನಸ್ಸಿನಲ್ಲಿ ಅಚ್ಚೊತ್ತಿದೆ. ಆದರೆ ಅದು ಬರಗಾಲದ, ಆಪತ್ತಿನ ಕಥೆ. ಆಪತ್ಕಾಲದಲ್ಲಿ ಒಬ್ಬ ಮಹಾಪುರುಷ ಮಾಡಿದ್ದನ್ನು ನಿತ್ಯದ ನಿಯಮವಾಗಿ ಎಲ್ಲ ಮನೆಗಳ ಮೇಲೂ ಹೇರಲಾಗದು. ನಿಯಮವನ್ನು ಶಿವಾರ್ಯರು ಬೇರೆಯಾಗಿಯೇ ಬರೆದಿಟ್ಟಿದ್ದಾರೆ. 2015ರಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯ ಸಲ್ಲೇಖನದ ವಿರುದ್ಧ ತೀರ್ಪಿತ್ತು, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಾಜ್ಞೆ ಕೊಟ್ಟಾಗ, ದೇಶದಲ್ಲೆಲ್ಲ ಸಾವಿನ ಹಕ್ಕಿನ ಬಗ್ಗೆ ಬಿಸಿಬಿಸಿ ಚರ್ಚೆ ನಡೆಯಿತು. ಆ ವ್ರತಿಯ ಸುತ್ತ ನಿಲ್ಲಬೇಕಾದ ನಲವತ್ತೆಂಟು ಜನರ ಮಾತು ಆ ಚರ್ಚೆಯಲ್ಲಿ ಬರಲೇ ಇಲ್ಲವೆನ್ನಬಹುದು.

ಸಲ್ಲೇಖನ ಕೆಲವರ ವ್ರತ. ಮುಪ್ಪು ಬಹುಮಂದಿಯ ಪಾಲು. ವ್ರತಿಯ ಆರೈಕೆಗೆ ಒಂದು ಕಾಲಮಿತಿಯಿದೆ. ಪಾರ್ಶ್ವವಾಯು ಬಡಿದು ಹತ್ತು ವರ್ಷ ಹಾಸಿಗೆ ಹಿಡಿದ ತಂದೆಗೆ, ಮರೆವಿನ ರೋಗದಿಂದ ಮಗನ ಮುಖವನ್ನೇ ಗುರುತಿಸಲಾರದ ತಾಯಿಗೆ, ಹುಟ್ಟಿನಿಂದಲೇ ಬುದ್ಧಿ ಬೆಳೆಯದೆ ನಲವತ್ತು ವರ್ಷ ದಾಟಿದ ಮಗನಿಗೆ ಬೇಕಾದ ಆರೈಕೆಗೆ ಮಿತಿಯೆಂಬುದಿಲ್ಲ. ಗೃಹಸ್ಥನ ಕರ್ತವ್ಯವೇನೆಂದು ತಿಳಿಯಲು ಶ್ರಾವಕಾಚಾರಗಳ ಕಡೆಗೆ ತಿರುಗಬೇಕಾಗುತ್ತದೆ.

ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ನಾಲ್ಕನೆಯ ಶಿಕ್ಷಾವ್ರತಕ್ಕೆ ವೈಯಾವೃತ್ಯವೆಂದೇ ಹೆಸರಿಟ್ಟರು. ಬೇರೆ ಆಚಾರ್ಯರು ಅತಿಥಿಸಂವಿಭಾಗ ಎಂದ ಕಡೆಯಲ್ಲಿ ಇವರು ಈ ಶಬ್ದವನ್ನು ಬಳಸಿದ್ದು ಅರ್ಥವನ್ನು ಹಿಗ್ಗಿಸಿತು. ಸಂಯಮಿಗಳ ಕಷ್ಟವನ್ನು ಪರಿಹರಿಸುವುದು, ಅವರ ಕಾಲನ್ನು ಒತ್ತುವುದು ಮುಂತಾದ ಉಪಕಾರಗಳೆಲ್ಲ ಅದರೊಳಗೆ ಬಂದವು. ಈ ವೈಯಾವೃತ್ಯ ನಾಲ್ಕು ವಿಧ: ಆಹಾರ, ಔಷಧ, ಉಪಕರಣ, ಆವಾಸ. ವೃದ್ಧರ ಮತ್ತು ಅಂಗವಿಕಲರ ಆರೈಕೆಗಾಗಿ ಇಂದು ಯಾವ ದೇಶ ಯಾವ ಯೋಜನೆ ಮಾಡಿದರೂ ಈ ನಾಲ್ಕು ಬಾಬುಗಳನ್ನು ಬಿಟ್ಟು ಲೆಕ್ಕ ಬರೆಯಲಾಗುವುದಿಲ್ಲ. ಉಪಕರಣವೆಂದರೆ ಮುನಿಗಳ ಪಿಂಛಿ, ಕಮಂಡಲು, ಶಾಸ್ತ್ರಗಳೆಂದು ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ, ಅದು ಸರಿಯೇ. ಆದರೂ ಗಾಲಿಕುರ್ಚಿ, ಊರುಗೋಲು, ಕಿವಿಯ ಯಂತ್ರಗಳನ್ನು ಆ ಶಬ್ದದಿಂದ ಹೊರಗಿಡುವುದಕ್ಕೆ ಕಾರಣವಿಲ್ಲ.

ಔಷಧದಾನಕ್ಕೆ ಸಮಂತಭದ್ರರು ಕೊಟ್ಟ ದೃಷ್ಟಾಂತ ವೃಷಭಸೇನೆಯೆಂಬ ಶ್ರೇಷ್ಠಿಪುತ್ರಿಯದು. ಅವಳ ಸ್ನಾನದ ನೀರು ಸೋಕಿದರೆ ರೋಗ ವಾಸಿಯಾಗುತ್ತಿತ್ತು. ಈ ಶಕ್ತಿ ಅವಳಿಗೆ ಬಂದ ಬಗೆಯನ್ನು ಟೀಕಾಕಾರರು ಹೀಗೆ ವಿವರಿಸುತ್ತಾರೆ: ಹಿಂದಿನ ಜನ್ಮದಲ್ಲಿ ಅವಳು ದೇವಾಲಯದಲ್ಲಿ ಕಸ ಗುಡಿಸುವ ಹುಡುಗಿ. ಕಾಯೋತ್ಸರ್ಗದಲ್ಲಿ ನಿಂತ ಮುನಿಯೊಬ್ಬರು ದಾರಿಬಿಡಲಿಲ್ಲವೆಂದು ಸಿಟ್ಟಾಗಿ ಕಸವನ್ನೆಲ್ಲ ಅವರ ಮೇಲೆ ಸುರಿದಳು. ಮರುದಿನ ಅವರನ್ನು ಹೊರತೆಗೆದಾಗ ನಾಚಿ, ಪಶ್ಚಾತ್ತಾಪಪಟ್ಟು, ಮದ್ದು ಹಚ್ಚಿ ಆರೈಕೆ ಮಾಡಿದಳು. ಆರೈಕೆಯ ಪುಣ್ಯಕ್ಕೆ ದೃಷ್ಟಾಂತವಾಗಿ ಆಚಾರ್ಯರು ಆರಿಸಿದ್ದು ಸಿಟ್ಟು ಬಂದು ತಪ್ಪು ಮಾಡಿದ ಒಬ್ಬ ದುಡಿಯುವ ಹುಡುಗಿಯನ್ನು. ರೋಗಿಯ ಬಳಿ ಹಗಲಿರುಳು ಇದ್ದವರಿಗೆ ಸಿಟ್ಟು ಬರುವುದೂ, ಆಮೇಲೆ ಕಣ್ಣೀರು ಬರುವುದೂ ಹೊಸದೇನಲ್ಲ.

ಜುಗುಪ್ಸೆಯ ವಿಷಯದಲ್ಲಿ ಉದ್ದಾಯನ ಮಹಾರಾಜನ ಕಥೆಯನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ಕುಷ್ಠರೋಗಿಯ ವೇಷದಲ್ಲಿ ಬಂದ ಮುನಿ ಉಂಡದ್ದನ್ನೆಲ್ಲ ರಾಜರಾಣಿಯರ ಮೇಲೇ ಕಾರಿಕೊಂಡಾಗ, ಉದ್ದಾಯನ ಮೂಗು ಮುಚ್ಚಿಕೊಳ್ಳಲಿಲ್ಲ. ತಾನು ಬಡಿಸಿದ ಆಹಾರವೇ ಅಪಥ್ಯವಾಯಿತೇನೋ ಎಂದು ತನ್ನನ್ನೇ ನಿಂದಿಸಿಕೊಂಡು ಮುನಿಯ ಮೈತೊಳೆದ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಗೆ ಇದು ಉದಾಹರಣೆ. ಹೊಲಸನ್ನು ಕಂಡು ಹೇಸದಿರುವುದು ಧರ್ಮಶ್ರದ್ಧೆಯ ಒಂದು ಅಂಗವೆಂದಾದರೆ, ಹೊಲಸನ್ನು ತೊಳೆಯುವ ಕೂಲಿಯವಳನ್ನು ಕಂಡು ಹೇಸುವವನ ಶ್ರದ್ಧೆಯ ಗತಿಯೇನೆಂದು ಕೇಳಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದುಂಟು. ಈ ವಿಧಿಗಳೆಲ್ಲ ಸತ್ಪಾತ್ರರಾದ ಸಾಧುಗಳ ಸೇವೆಗೆ ಹೇಳಿದವು. ಮನೆಯ ಮುದುಕರಿಗೂ ಕುಂಟಕುರುಡರಿಗೂ ಇವನ್ನು ಅನ್ವಯಿಸುವುದು ಸರಿಯೇ? ಪಾತ್ರಭೇದವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ರಾಷ್ಟ್ರಕೂಟ ಅಮೋಘವರ್ಷನಿಗೆ ಗುರುವಾಗಿದ್ದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಗಳನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಮುನಿಗಳಿಗೆ ಕೊಡುವುದು ಪಾತ್ರದತ್ತಿ. ಅನುಕಂಪೆಗೆ ಯೋಗ್ಯರಾದ ಜೀವಿಗಳ ಭಯವನ್ನು ನೀಗುವುದು ದಯಾದತ್ತಿ. ಸಮಾನಧರ್ಮಿಗಳಾದ ಗೃಹಸ್ಥರಿಗೆ ಕೊಡುವುದು ಸಮದತ್ತಿ. ವಂಶ ನಿಲ್ಲಲೆಂದು ಮಗನಿಗೆ ತನ್ನ ಸರ್ವಸ್ವವನ್ನೂ ವಹಿಸುವುದು ಅನ್ವಯದತ್ತಿ. ಸಾಧುಗಳಲ್ಲದ ದುರ್ಬಲರಿಗೆ ದಯಾದತ್ತಿಯಲ್ಲಿಯೂ ಸಮದತ್ತಿಯಲ್ಲಿಯೂ ಸ್ಥಾನವಿದೆ. ಅನ್ವಯದತ್ತಿಯಲ್ಲಿ ಜಿನಸೇನರು ಧನವನ್ನು ಮಾತ್ರ ಮಗನ ಕೈಗಿಡುವುದಿಲ್ಲ, ಧರ್ಮವನ್ನೂ ಜೊತೆಗೇ ವಹಿಸುತ್ತಾರೆ. ಆಸ್ತಿಪತ್ರ ಬರೆಸಿಕೊಂಡು ಹೆತ್ತವರನ್ನು ಹಿಂದಿನ ಕೋಣೆಗೆ ತಳ್ಳುವ ಮಗ ಅರ್ಧ ದತ್ತಿಯನ್ನಷ್ಟೇ ತೆಗೆದುಕೊಂಡವನು.

ರಾಜ್ಯವೂ ಈ ವಿಷಯದಲ್ಲಿ ಸುಮ್ಮನಿರಲಿಲ್ಲ. ಶಕ್ತಿಯಿದ್ದೂ ತಂದೆತಾಯಿಗಳನ್ನು ಪೋಷಿಸದವನಿಗೆ ಅರ್ಥಶಾಸ್ತ್ರ 12 ಪಣಗಳ ದಂಡ ವಿಧಿಸುತ್ತದೆ. ಅನಾಥರನ್ನೂ ವೃದ್ಧರನ್ನೂ ನೋಡಿಕೊಳ್ಳುವುದು ಧರ್ಮಮಹಾಮಾತ್ರರ ಕರ್ತವ್ಯವೆಂದು ಅಶೋಕನ ಐದನೆಯ ಶಿಲಾಶಾಸನ ಹೇಳುತ್ತದೆ. ಕರ್ನಾಟಕದೊಳಗೇ ಅತ್ಯಂತ ಸ್ಪಷ್ಟವಾದ ದಾಖಲೆ ದೊರೆಯುವುದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ. ಅಲ್ಲಿನ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ ನಿರ್ಗತಿಕ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತೆಂದೂ ತಿಳಿಸುತ್ತದೆ. ಅದು ಕಾಳಾಮುಖ ಶೈವರ ಮಠ. ಅನ್ನ ಪಡೆಯುವವರ ಪಟ್ಟಿಯಲ್ಲಿ ಕ್ಷಪಣಕರೂ, ಎಂದರೆ ಜೈನ ಯತಿಗಳೂ, ಸೇರಿದ್ದಾರೆ. ಮತಗಳು ವಾದದಲ್ಲಿ ಎದುರುಬದುರಾಗಿ ನಿಂತಿದ್ದ ಆ ಕಾಲದಲ್ಲಿ ಶೈವಮಠವೊಂದು ಹೀಗೆ ನಡೆದುಕೊಂಡಿತೆಂಬುದನ್ನು ಜೈನರು ಕೃತಜ್ಞತೆಯಿಂದ ನೆನೆಯಬೇಕು.

ಜೈನ ವರ್ತಕರ ಕೊಡುಗೆಯನ್ನು ಹುಡುಕಿದರೆ ಎರಡು ವಿಷಯಗಳು ಎದ್ದು ಕಾಣುತ್ತವೆ. ಮೊದಲನೆಯದು ದತ್ತಿಯ ವಿಧಾನ. ಶ್ರವಣಬೆಳಗೊಳದ 13ನೆಯ ಶತಮಾನದ ಶಾಸನಗಳಲ್ಲಿ ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗೆಂದು ಗದ್ಯಾಣಗಳನ್ನು ಇಟ್ಟ ಉಲ್ಲೇಖಗಳಿವೆ. ಮೂಲಧನವನ್ನು ಮುಟ್ಟುವಂತಿಲ್ಲ, ಬಡ್ಡಿಯಿಂದ ಇಂತಿಷ್ಟು ಮಾನ ಹಾಲು ಪ್ರತಿದಿನ ಬರಬೇಕು. ಹಾಲು ದಿನವೂ ಬೇಕಾದ ವಸ್ತು. ಒಮ್ಮೆ ಹತ್ತು ಕೊಡ ಸುರಿದು ಕೈತೊಳೆದುಕೊಂಡರೆ ನಾಳೆಯ ಅಭಿಷೇಕ ನಿಲ್ಲುತ್ತದೆ. ನಿತ್ಯದ ಖರ್ಚಿಗೆ ನಿತ್ಯದ ಆದಾಯ ಬೇಕೆಂಬ ಲೆಕ್ಕಶಾಸ್ತ್ರದ ಮೊದಲ ಪಾಠ ಆ ವರ್ತಕರಿಗೆ ಕರಗತವಾಗಿತ್ತು.

ಎರಡನೆಯದು ಪಶ್ಚಿಮ ಭಾರತದ ಪಾಂಜರಾಪೋಳ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗುಜರಾತಿನ ಖಂಭಾತದಲ್ಲಿ ಪಕ್ಷಿಗಳ ಆಸ್ಪತ್ರೆಯನ್ನು ನೋಡಿದ. ತಾಯಿಯಿಲ್ಲದ ಇಲಿಮರಿಗಳಿಗೆ ಬಿಳಿಗಡ್ಡದ ಮುದುಕನೊಬ್ಬ ಕನ್ನಡಕ ಹಾಕಿಕೊಂಡು ಹಕ್ಕಿಯ ಗರಿಯಿಂದ ಹಾಲು ಕುಡಿಸುತ್ತಿದ್ದನೆಂದು ಬರೆದಿದ್ದಾನೆ. ಅದೇ ವರ್ಷದ ಕೊನೆಯಲ್ಲಿ ಇಕ್ಕೇರಿಗೂ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡವನೀತ. ಮುದಿಯಾದ, ಕಾಲುಮುರಿದ, ದುಡಿಯಲಾರದ ಪ್ರಾಣಿಗಳನ್ನು ಸಾಯುವವರೆಗೆ ಸಾಕುವ ಇಂತಹ ಸಂಸ್ಥೆಗಳನ್ನು ಜೈನ ಮತ್ತು ವೈಷ್ಣವ ವರ್ತಕರು ಶತಮಾನಗಳ ಕಾಲ ನಡೆಸಿದರು. ಹಣ ಬರುತ್ತಿದ್ದುದು ಸರಕಿನ ಮೇಲೆ ಮಹಾಜನರು ತಾವೇ ಹಾಕಿಕೊಂಡ ಲಾಗಾದಿಂದ. ವ್ಯಾಪಾರ ನಡೆದಷ್ಟು ದಿನವೂ ಹುಲ್ಲು ನೀರಿಗೆ ಕೊರತೆಯಿರಲಿಲ್ಲ. ದೀರ್ಘಕಾಲದ ಆರೈಕೆಗೆ ಬೇಕಾದುದೆಲ್ಲವೂ ಅಲ್ಲಿತ್ತು: ಸ್ಥಳ, ಸಂಬಳದ ಆಳುಗಳು, ನಿಲ್ಲದ ಆದಾಯ, ಮತ್ತು ‘ಇದರಿಂದ ಏನು ಲಾಭ’ ಎಂದು ಕೇಳದ ಮನಸ್ಸು.

ಮುದಿ ಎತ್ತಿಗೆ ಇಷ್ಟು ದೃಢವಾದ ಸಂಸ್ಥೆ ಕಟ್ಟಿದ ಸಮಾಜ ಮುದಿ ಮನುಷ್ಯನಿಗೆ ಅಂತಹುದನ್ನು ಏಕೆ ಕಟ್ಟಲಿಲ್ಲ? ಮನುಷ್ಯನಿಗೆ ಮನೆಯಿದೆ ಎಂಬುದು ಉತ್ತರ. ಅವಿಭಕ್ತ ಕುಟುಂಬ ಇದ್ದಷ್ಟು ಕಾಲ ಆ ಉತ್ತರ ನಡೆಯಿತು. ಆದರೆ ಮನೆ ಎಂದರೆ ಗೋಡೆಯಲ್ಲ; ಆರೈಕೆ ಮಾಡುತ್ತಿದ್ದ ಕೈಗಳು ಸೊಸೆಯವು, ವಿಧವೆಯಾಗಿ ತವರಿಗೆ ಮರಳಿದ ಮಗಳವು, ಮದುವೆಯಾಗದೆ ಉಳಿದ ತಂಗಿಯವು. ಅಂಗಡಿಯ ಖಾತೆಪುಸ್ತಕದಲ್ಲಿ ಗುಮಾಸ್ತನ ಸಂಬಳ, ಹಮಾಲರ ಕೂಲಿ, ದೀಪದ ಎಣ್ಣೆ ಎಲ್ಲಕ್ಕೂ ಒಂದೊಂದು ಬಾಬು ಇತ್ತು. ಮನೆಯೊಳಗೆ ಇಪ್ಪತ್ತು ವರ್ಷ ಅತ್ತೆಯ ಮೈತೊಳೆದ ಸೊಸೆಯ ದುಡಿಮೆಗೆ ಯಾವ ಪುಸ್ತಕದಲ್ಲೂ ಬಾಬು ಇರಲಿಲ್ಲ. ದೊಡ್ಡ ಮನೆಯಲ್ಲಿ ಮೂರು ನಾಲ್ಕು ಜನ ಹೆಂಗಸರಿದ್ದಾಗ ಅವರು ತಮ್ಮೊಳಗೇ ಸರದಿ ಮಾಡಿಕೊಳ್ಳುತ್ತಿದ್ದರು. ಶಿವಾರ್ಯರ ನಿಯಮ ಅರಿವಿಲ್ಲದೆಯೇ ಪಾಲನೆಯಾಗುತ್ತಿತ್ತು. ಕುಟುಂಬ ಕಿರಿದಾದಂತೆ ಉಳಿದವಳು ಒಬ್ಬಳೇ. ಯಾವುದನ್ನು ಆಚಾರ್ಯರು ಆಪತ್ಕಾಲದಲ್ಲೂ ಒಪ್ಪಲಿಲ್ಲವೋ ಅದು ಇಂದು ಬಹುತೇಕ ಮನೆಗಳ ಸಾಮಾನ್ಯ ಸ್ಥಿತಿ.

2011ರ ಜನಗಣತಿಯಲ್ಲಿ ಭಾರತದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಅಂಗವೈಕಲ್ಯ ಉಳ್ಳವರು 2.68 ಕೋಟಿ. 2017-18ರಲ್ಲಿ ದೇಶದಾದ್ಯಂತ ನಡೆದ ವೃದ್ಧಾಪ್ಯದ ಸಮೀಕ್ಷೆಯಲ್ಲಿ, ಅರವತ್ತು ದಾಟಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ನಾನ, ಉಡುಗೆ, ನಡಿಗೆ, ಶೌಚಗಳಂತಹ ನಿತ್ಯಕೃತ್ಯಗಳಲ್ಲಿ ಒಂದಾದರೂ ಕಷ್ಟವೆಂದು ಕಂಡುಬಂತು. ಕಾನೂನು ತನ್ನ ಪಾಲಿನದನ್ನು ಮಾಡಿದೆ. ಜೈನರಿಗೂ ಅನ್ವಯಿಸುವ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ವೃದ್ಧ ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಹೊಣೆಯಾಗಿಸಿತು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆ ಅದಕ್ಕೆಂದೇ ನ್ಯಾಯಮಂಡಳಿಗಳನ್ನು ತಂದಿತು. ಹಿರಿಯರನ್ನು ತ್ಯಜಿಸಿದವರಿಗೆ ಮೂರು ತಿಂಗಳ ಸೆರೆ ಅಥವಾ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿತು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ಹಿಂದಕ್ಕೆ ಪಡೆಯಲು ಅದೇ ಕಾಯಿದೆಯ 23ನೆಯ ಕಲಂ ಅವಕಾಶ ಕೊಡುತ್ತದೆ. ಮಕ್ಕಳ ಮೇಲಿನ ವಿಶ್ವಾಸದಿಂದ ಷರತ್ತನ್ನು ಬಾಯಿಮಾತಿನಲ್ಲೇ ಬಿಡುವವರು ಬಹಳ ಮಂದಿ. ಅನ್ವಯದತ್ತಿ ಮಾಡುವ ಹಿರಿಯರು ಅದನ್ನು ಪತ್ರದಲ್ಲಿ ಬರೆಯಿಸುವುದು ಲೇಸು. ವ್ಯಾಪಾರದಲ್ಲಿ ಅಣ್ಣತಮ್ಮಂದಿರ ನಡುವೆಯೂ ಪಾಲುಪತ್ರವಿರುವುದಿಲ್ಲವೇ?

ಆದರೆ ನ್ಯಾಯಮಂಡಳಿ ಹಣವನ್ನು ಕೊಡಿಸಬಲ್ಲುದು, ಕೈಗಳನ್ನು ಕೊಡಿಸಲಾರದು. ಈ ವ್ಯತ್ಯಾಸವನ್ನು ಕೆಲವು ದೇಶಗಳು ಬೇಗ ಅರಿತವು. 1995ರಲ್ಲಿ ಜರ್ಮನಿ, 2000ದಲ್ಲಿ ಜಪಾನ್ ದೀರ್ಘಕಾಲದ ಆರೈಕೆಗೆಂದೇ ಕಡ್ಡಾಯ ವಿಮೆಯನ್ನು ಜಾರಿಗೆ ತಂದವು. ಜಪಾನಿನಲ್ಲಿ 40 ವರ್ಷ ತುಂಬಿದವರೆಲ್ಲ ಕಂತು ಕಟ್ಟುತ್ತಾರೆ. ಜರ್ಮನಿಯಲ್ಲಿ ಮನೆಯಲ್ಲೇ ಆರೈಕೆ ಮಾಡುವ ಬಂಧುವಿನ ಪಿಂಚಣಿಯ ಕಂತನ್ನು, ನಿಯಮಕ್ಕೆ ಒಳಪಟ್ಟು, ವಿಮೆಯೇ ಕಟ್ಟುತ್ತದೆ. ಆ ಬಂಧುವಿಗೆ ಕಾಯಿಲೆಯಾದರೆ ಅಥವಾ ಬಿಡುವು ಬೇಕಾದರೆ ಬದಲಿ ಪರಿಚಾರಕರ ಖರ್ಚನ್ನೂ ಕೊಡುತ್ತದೆ. ಪರಿಚಾರಕನ ನಿದ್ರೆಯ ಮಾತನ್ನು ಶಿವಾರ್ಯರ ನಂತರ ಇಷ್ಟು ಗಂಭೀರವಾಗಿ ಎತ್ತಿಕೊಂಡವರು ವಿರಳ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ಕೇರಳದಲ್ಲಿ, 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕೆಲಸ ಆ ದಶಕದ ಕೊನೆಗೆ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ನೆರೆಹೊರೆಯ ಜಾಲವಾಗಿ ಹಬ್ಬಿತು. ಊರಿನ ಸಾಮಾನ್ಯ ಜನ ಸ್ವಲ್ಪ ತರಬೇತಿ ಪಡೆದು, ವಾರಕ್ಕೆ ಕೆಲವು ಗಂಟೆ ಮೀಸಲಿಟ್ಟು, ಹಾಸಿಗೆ ಹಿಡಿದವರ ಮನೆಗೆ ಸರದಿಯಂತೆ ಹೋಗುತ್ತಾರೆ. ದಾದಿಯರು ಹುಣ್ಣಿಗೆ ಮದ್ದು ಕಟ್ಟುತ್ತಾರೆ, ಸ್ವಯಂಸೇವಕರು ಮೈ ಒರೆಸುತ್ತಾರೆ, ಮನೆಯವರ ಜೊತೆ ಕುಳಿತು ಮಾತಾಡುತ್ತಾರೆ, ಅಕ್ಕಿಬೇಳೆಗೆ ಏರ್ಪಾಡು ಮಾಡುತ್ತಾರೆ. ಖರ್ಚಿನ ಬಹುಪಾಲು ಊರಿನವರೇ ಚಿಕ್ಕ ಚಿಕ್ಕ ಮೊತ್ತಗಳಲ್ಲಿ ಕೊಟ್ಟ ಹಣ. 2008ರಲ್ಲಿ ಕೇರಳ ಸರ್ಕಾರ ಇದನ್ನು ತನ್ನ ಆರೋಗ್ಯನೀತಿಯೊಳಗೆ ತಂದು ಪಂಚಾಯತಿಗಳಿಗೆ ವಹಿಸಿತು. ಕ್ಯಾನ್ಸರಿನವರಿಗೆಂದು ಮೊದಲಾದ ಸೇವೆ ಪಾರ್ಶ್ವವಾಯು ಪೀಡಿತರಿಗೂ, ಬೆನ್ನುಮೂಳೆ ಮುರಿದ ಯುವಕರಿಗೂ, ಬರಿಯ ಮುಪ್ಪಿನಿಂದ ಕುಗ್ಗಿದವರಿಗೂ ವಿಸ್ತರಿಸಿತು. ಜೈನ ಶಾಸ್ತ್ರವನ್ನು ಓದದವರು ನಿರ್ಯಾಪಕರ ಪಟ್ಟಿಯನ್ನು ಆಚರಣೆಗೆ ತಂದರೆಂದರೆ ತಪ್ಪಾಗದು.

ಅಂಗವಿಕಲರಾದ ವಯಸ್ಕರ ವಿಷಯ ಇನ್ನೂ ಕಠಿಣ. ಜೈನರು ಉಪಕರಣದಾನದಲ್ಲಿ ಹಿಂದೆ ಬಿದ್ದಿಲ್ಲ. 1975ರಲ್ಲಿ ಜಯಪುರದಲ್ಲಿ ಸ್ಥಾಪಿತವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಲಕ್ಷಾಂತರ ಜನರಿಗೆ ‘ಜಯಪುರ ಕಾಲು’ ಮುಂತಾದ ಸಾಧನಗಳನ್ನು ಉಚಿತವಾಗಿ ಕೊಟ್ಟಿದೆ. ಕಾಲು ಪಡೆದವನು ಎದ್ದು ನಡೆದು ಹೋಗುತ್ತಾನೆ. ದಾನಿಗೂ ಅದು ಕಣ್ಣಿಗೆ ಕಾಣುವ ಸಂತೋಷ. ಆದರೆ ಎದ್ದು ಹೋಗಲಾರದವರೂ ಇದ್ದಾರೆ. ಬೌದ್ಧಿಕ ವೈಕಲ್ಯವುಳ್ಳ ಮಗನನ್ನೋ ಮಗಳನ್ನೋ ಎಪ್ಪತ್ತು ದಾಟಿದ ತಂದೆತಾಯಿಗಳು ಇನ್ನೂ ಕೈಯಾರೆ ಉಣಿಸುತ್ತಿರುವ ಮನೆಗಳು ಪ್ರತಿ ಊರಿನಲ್ಲೂ ಇವೆ. ‘ನಮ್ಮ ನಂತರ ಯಾರು?’ ಎಂಬುದು ಅವರ ನಿತ್ಯದ ಚಿಂತೆ. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ ಉಳ್ಳವರಿಗಾಗಿ 1999ರಲ್ಲಿ ರಚಿತವಾದ ರಾಷ್ಟ್ರೀಯ ನ್ಯಾಸದ ಕಾಯಿದೆ ಈ ಚಿಂತೆಗೆ ಒಂದಿಷ್ಟು ಉತ್ತರ ಕೊಟ್ಟಿತು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟು ತಮ್ಮ ನಂತರದ ಪಾಲಕರನ್ನು ನೇಮಿಸಿಕೊಳ್ಳಬಹುದು. ‘ನಿರಾಮಯ’ ಎಂಬ ಆರೋಗ್ಯವಿಮೆಯಿದೆ. ವಯಸ್ಕರು ಜೀವನಪೂರ್ತಿ ಗುಂಪಾಗಿ ವಾಸಿಸುವ ‘ಘರೌಂದಾ’ ಎಂಬ ಯೋಜನೆಯೂ ಇದೆ. ಅಂತಹ ಮನೆಯನ್ನು ನಡೆಸಲು ನೋಂದಾಯಿತ ಸಂಸ್ಥೆಗಳು ಮುಂದೆ ಬರಬೇಕು. ಇವುಗಳ ಹೆಸರನ್ನೇ ಕೇಳದ ಕುಟುಂಬಗಳು ಅನೇಕ.

ಸಮಾಜದ ದತ್ತಿಗಳ ಪಟ್ಟಿ ತೆರೆದು ನೋಡಿದರೆ ಕಲ್ಲಿಗೆ, ಕಟ್ಟಡಕ್ಕೆ, ಪಂಚಕಲ್ಯಾಣಕ್ಕೆ, ಒಂದು ದಿನದ ಅನ್ನದಾನಕ್ಕೆ ಕೊಟ್ಟವರ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಇವು ಬೇಡವೆಂದಲ್ಲ. ಆದರೆ ವೃದ್ಧಾಶ್ರಮದ ಕೋಣೆಗೆ ಅಮೃತಶಿಲೆಯ ಫಲಕ ಹಾಕಿಸಿದ ದಾನಿಗೆ, ಅದೇ ಕೋಣೆಯಲ್ಲಿ ರಾತ್ರಿಪಾಳಿ ಮಾಡುವ ದಾದಿಯ ಸಂಬಳಕ್ಕೆ ಮೂಲಧನ ಇಡಬೇಕೆಂದು ತೋರುವುದು ಅಪರೂಪ. ಫಲಕದಲ್ಲಿ ಹೆಸರು ಬರೆಯಬಹುದು. ರಾತ್ರಿಪಾಳಿಯ ಮೇಲೆ ಬರೆಯಲು ಜಾಗವಿಲ್ಲ. ಹೀಗಾಗಿ ಕಟ್ಟಡಗಳು ಎದ್ದು ನಿಲ್ಲುತ್ತವೆ, ಕೆಲಸಗಾರರು ಸಾಲದೆ ಹಾಸಿಗೆಗಳು ಖಾಲಿ ಉಳಿಯುತ್ತವೆ, ಇಲ್ಲವೆ ಒಬ್ಬಳೇ ಆಯಾ ಇಪ್ಪತ್ತು ಮಂದಿಯನ್ನು ನೋಡಿಕೊಳ್ಳಬೇಕಾಗುತ್ತದೆ.

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಐದು ಅತಿಚಾರಗಳನ್ನು ಹೇಳುತ್ತದೆ. ಕಟ್ಟುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು ಮೊದಲ ಮೂರು. ನಾಲ್ಕನೆಯದು ಅತಿಭಾರಾರೋಪಣ, ಐದನೆಯದು ಅನ್ನಪಾನಗಳನ್ನು ತಡೆಯುವುದು. ಎತ್ತಿನ ಬೆನ್ನಿಗೆ ಎಷ್ಟು ಮಣ ಹೇರಬಹುದು ಎಂಬುದರಲ್ಲಿ ಹಿಂದಿನ ಜೈನ ವರ್ತಕರು ಬಹಳ ಎಚ್ಚರದಿಂದಿರುತ್ತಿದ್ದರು. ಹೇರು ಹೆಚ್ಚಾದರೆ ವ್ರತಕ್ಕೆ ದೋಷವೆಂಬ ಭಯ ಅವರಿಗಿತ್ತು. ಹಾಸಿಗೆ ಹಿಡಿದವರಿಗೆ ಹೊತ್ತಿಗೆ ಸರಿಯಾಗಿ ನೀರು ಸಿಗದಿರುವುದು ಐದನೆಯ ಅತಿಚಾರ. ಅವರನ್ನು ಒಬ್ಬಳ ಮೇಲೆ ಬಿಟ್ಟು ಉಳಿದವರೆಲ್ಲ ಬಸದಿಗೆ, ಅಂಗಡಿಗೆ, ಪರದೇಶಕ್ಕೆ ಹೋಗಿಬಿಡುವುದು ನಾಲ್ಕನೆಯದು. ಮೊದಲನೆಯದನ್ನು ತಪ್ಪೆಂದು ಎಲ್ಲರೂ ಒಪ್ಪುತ್ತಾರೆ. ಎರಡನೆಯದನ್ನು ಆ ಹೆಣ್ಣುಮಗಳ ಭಾಗ್ಯವೆಂದು, ಪುಣ್ಯವೆಂದು ಹೊಗಳಿ ಮುಗಿಸುವುದೇ ರೂಢಿ.

ಒಂದು ಊರಿನ ಬಸದಿಯ ವ್ಯವಸ್ಥಾಪಕ ಮಂಡಲಿ ಮನಸ್ಸು ಮಾಡಿದರೆ ಆರಂಭಕ್ಕೆ ದೊಡ್ಡ ಕಟ್ಟಡ ಬೇಕಾಗಿಲ್ಲ. ಸಮಾಜದಲ್ಲಿ ಹಾಸಿಗೆ ಹಿಡಿದವರು ಎಷ್ಟು ಮಂದಿ, ಅವರನ್ನು ನೋಡಿಕೊಳ್ಳುವವರು ಯಾರು, ಆ ನೋಡಿಕೊಳ್ಳುವವರು ಕೊನೆಯ ಸಲ ಒಂದು ದಿನ ಬಿಡುವು ಪಡೆದದ್ದು ಎಂದು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುವುದು ಮೊದಲ ಕೆಲಸ. ಹಾಲಿನ ದತ್ತಿಯ ಮಾದರಿಯಲ್ಲಿ ಒಂದು ಮೂಲಧನವನ್ನಿಟ್ಟು, ಅದರ ಬಡ್ಡಿಯಿಂದ ತರಬೇತಾದ ಒಬ್ಬಿಬ್ಬರು ಪರಿಚಾರಕರಿಗೆ ಸರಿಯಾದ ಸಂಬಳ ಕೊಟ್ಟು, ವಾರಕ್ಕೆ ಒಂದು ದಿನವಾದರೂ ಆ ಮನೆಗಳಿಗೆ ಕಳುಹಿಸುವುದು ಎರಡನೆಯದು. ಆ ದಿನ ಮನೆಯ ಹೆಣ್ಣುಮಗಳು ದಶಲಕ್ಷಣದ ಪ್ರವಚನಕ್ಕಾದರೂ ಹೋಗಬಹುದು, ತವರಿಗಾದರೂ ಹೋಗಿಬರಬಹುದು, ಇಲ್ಲವೆ ಬಾಗಿಲು ಮುಚ್ಚಿಕೊಂಡು ಮಧ್ಯಾಹ್ನವೆಲ್ಲ ನಿದ್ರೆಯನ್ನಾದರೂ ಮಾಡಬಹುದು.